ನನ್ನ ಹೆಸರಿನಲ್ಲಿ ಬರೆದ ವರ್ಷಗಳು

10 ಜೂನ್ 2024

ಪೂಜ್ಯ ಅತ್ತೆಯವರಿಗೆ,

ಶಿವಲೀಲಾ ಮಾಡುವ ಶರಣಾರ್ಥಿ. ವಿಚ್ಛೇದನವಾಗಿ ವರ್ಷ ಕಳೆದ ಮೇಲೂ ಹೀಗೆ ಕರೆಯಬಹುದೋ ಇಲ್ಲವೋ ಗೊತ್ತಿಲ್ಲ. ಬೇರೆ ಹೇಗೆ ಕರೆಯಬೇಕೆಂದು ತೋಚದೆ ಹಾಗೇ ಬರೆದಿದ್ದೇನೆ.

ಕಾಲುನೋವಿನ ಔಷಧಿಗೆಂದು ನೀವು ಹೊನ್ನಾಳಿಗೆ ಬಂದು ನಿಮ್ಮ ತಂಗಿ ಕಸ್ತೂರಮ್ಮನವರ ಮನೆಯಲ್ಲಿದ್ದೀರಿ ಎಂದು ಉಬ್ರಾಣಿಯ ನಮ್ಮಣ್ಣ ಹೇಳಿದ. ಚನ್ನಗಿರಿಯ ಮನೆಗಾದರೆ ನಾನು ಬರೆಯುತ್ತಿರಲಿಲ್ಲ. ಫೋನು ಮಾಡಲಂತೂ ಧೈರ್ಯವಿಲ್ಲ. ನಿಮಗೆ ಯಾರು ಫೋನು ಮಾಡಿದರು, ಏನು ಮಾತಾಡಿದರು ಎಂದು ನಿಮ್ಮ ಮಗ ಪ್ರವೀಣ್ ಪ್ರತಿದಿನ ವಿಚಾರಿಸುತ್ತಾರಲ್ಲ.

ಉಬ್ರಾಣಿಗೆ ನನ್ನ ಹೆಸರಿನಲ್ಲಿ ಆದಾಯ ತೆರಿಗೆಯ ನೋಟೀಸು ಬಂದಿದೆ. ನನ್ನ ಪ್ಯಾನ್ ಕಾರ್ಡಿನಲ್ಲಿ ಇನ್ನೂ ತವರಿನ ವಿಳಾಸವೇ ಇರುವುದರಿಂದ ಅಲ್ಲಿಗೆ ಬಂತು. ನಾನು ಚನ್ನಗಿರಿಯಲ್ಲಿ ದೊಡ್ಡ ಅಡಿಕೆ ವ್ಯಾಪಾರ ಮಾಡಿದ್ದೇನಂತೆ. ರಿಟರ್ನ್ಸ್‌ನಲ್ಲಿ ತೋರಿಸಿದ್ದು ಒಂದು, ಬ್ಯಾಂಕಿನಲ್ಲಿ ಓಡಾಡಿದ್ದು ಇನ್ನೊಂದು, ವಿವರಣೆ ಕೊಡಿ ಎಂದಿದ್ದಾರೆ. ನಿಮಗೆ ನೆನಪಿರಬಹುದು. ಮದುವೆಯಾದ ಹೊಸದರಲ್ಲಿ ಪ್ರವೀಣ್ ಊಟಕ್ಕೆ ಕೂತ ನನ್ನ ಕೈಗೆ ಪೆನ್ನು ಕೊಟ್ಟು, "ಇಬ್ರ ಹೆಸರಲ್ಲೂ ಲೆಕ್ಕ ಹಂಚಿಕೊಂಡ್ರೆ ಟ್ಯಾಕ್ಸ್ ಕಡಿಮೆ ಆಗ್ತೈತೆ, ಸೈನ್ ಮಾಡು" ಎಂದಿದ್ದರು. ಬಡಿಸುತ್ತಿದ್ದವರು ನೀವೇ.

ಉತ್ತರ ಕೊಡಬೇಕಾದರೆ ನನ್ನ ಹೆಸರಿನಲ್ಲಿ ಹೋದ ಹಳೆಯ ರಿಟರ್ನ್ಸ್ ಬೇಕು. ನನ್ನ ಬಳಿ ಒಂದು ಹಾಳೆಯೂ ಇಲ್ಲ. ಇಲಾಖೆಯ ವೆಬ್‌ಸೈಟಿನಲ್ಲಿ ಎಲ್ಲ ಇದೆಯಂತೆ, ಆದರೆ ಅಲ್ಲಿರುವ ಮೊಬೈಲ್ ನಂಬರೂ ಈಮೇಲೂ ನಿಮ್ಮ ಮಗನವು. ಚನ್ನಗಿರಿಯ ಮನೆಯ ಬೀರುವಿನಲ್ಲಿ ಪ್ರತಿಗಳಿದ್ದರೆ ಕಳಿಸಲು ಸಾಧ್ಯವೇ?

ನಾನಿರುವ ಊರು ಹೇಳಲಾರೆ, ಕ್ಷಮಿಸಿ. ಉತ್ತರವನ್ನು ದಾವಣಗೆರೆಯಲ್ಲಿ ನನ್ನ ತೆರಿಗೆ ವಕೀಲರಾದ ಸತೀಶ್ ಕುಮಾರ್ ಅವರ ಆಫೀಸಿಗೆ ಬರೆಯಿರಿ. ಅವರ ವಿಳಾಸವನ್ನು ಲಕೋಟೆಯ ಹಿಂದೆ ಬರೆದಿದ್ದೇನೆ.

ನಿಮ್ಮ,
ಶಿವಲೀಲಾ


ಹೊನ್ನಾಳಿ
19 ಜೂನ್ 2024

ಲೀಲಾ,

ನಿನ್ನ ಕಾಗದ ಮುಟ್ಟಿತು. ಇನ್ನು ಮುಂದೆ ಬರೆಯಬೇಡ.

ಬೀರುವಿನಲ್ಲಿ ಏನೂ ಉಳಿದಿಲ್ಲ. ನೀನು ಕೋರ್ಟಿಗೆ ಹೋದ ವಾರವೇ ಅವನು ಎಲ್ಲವನ್ನೂ ಹಿತ್ತಲಿಗೆ ಒಯ್ದು ಸುಟ್ಟ. ಪಕ್ಕದಲ್ಲಿ ನಿಂತು ನೋಡುತ್ತಿದ್ದ ನನಗೆ, "ಕಸ ಕಣಮ್ಮ, ಒಳಗೆ ಹೋಗು" ಎಂದ. ಹೋದೆ. ಅವನು ಹೇಳಿದರೆ ಹೋಗುತ್ತೇನೆ. ನಿಮ್ಮ ಮಾವ ಪಂಚಾಕ್ಷರಪ್ಪನವರು ಇದ್ದಾಗ ಅವರ ಮಾತಿಗೆ ಹೆದರುತ್ತಿದ್ದೆ, ಈಗ ಇವನ ಮೌನಕ್ಕೆ ಹೆದರುತ್ತೇನೆ.

ಅಂಗಡಿಯ ಹಿಂದಿನ ಕೋಣೆಯಲ್ಲಿ ಅವನು ನಿನ್ನ ಕುತ್ತಿಗೆಗೆ ಕೈ ಹಾಕಿದ ದಿನ ನಾನೇ ಬಿಡಿಸಿ, ಮಗುವಿನ ಜೊತೆ ಆಟೋ ಹತ್ತಿಸಿದೆ. ಆವತ್ತಿನಿಂದ ಅವನು ನನ್ನನ್ನು ನೋಡುವ ರೀತಿಯೇ ಬೇರೆಯಾಗಿದೆ. ನನ್ನಿಂದ ಅಷ್ಟೇ ಆಗುವುದು. ಇನ್ನೂ ಕೇಳಬೇಡ.

ರಕ್ಷಾಗೆ ಮುಂದಿನ ಹಲ್ಲು ಬಂದವಾ?

ಪ್ರೇಮಮ್ಮ


2 ಜುಲೈ 2024

ಅತ್ತೆಯವರಿಗೆ,

ಬರೆಯಬೇಡ ಎಂದಿರಿ. ಬರೆಯದಿದ್ದರೆ ನಿಮಗೇ ತೊಂದರೆಯಾದೀತೆಂದು ಬರೆಯುತ್ತಿದ್ದೇನೆ.

ಕಳೆದ ವಾರ ಸತೀಶ್ ಕುಮಾರ್ ಅವರು ವೆಬ್‌ಸೈಟಿನಲ್ಲಿ ನನ್ನ ಪಾಸ್‌ವರ್ಡ್ ಬದಲಿಸಲು ಪ್ರಯತ್ನಿಸಿದರು. ಓಟಿಪಿ ಹೋಗಿದ್ದು ನಿಮ್ಮ ಮಗನ ಫೋನಿಗೆ. ನಾವಿನ್ನೂ ಕಂಪ್ಯೂಟರಿನ ಮುಂದೆಯೇ ಕೂತಿದ್ದೆವು, ಅಷ್ಟರಲ್ಲಿ ನಮ್ಮಣ್ಣನಿಗೆ ಅವರ ಕರೆ ಬಂತಂತೆ. ಬೈಯಲಿಲ್ಲ, ಕೂಗಾಡಲಿಲ್ಲ. "ನಿನ್ ತಂಗಿ ನನ್ ಲೆಕ್ಕ ಕೆದಕಾಕೆ ಹತ್ಯಾಳೆ. ಎಲ್ಲಿದಾಳೆ ಅಂತ ನೀನು ಹೇಳ್ತೀಯೋ, ನಾನೇ ಹುಡುಕ್ಲೋ?" ಎಂದು ಕೇಳಿ ಇಟ್ಟುಬಿಟ್ಟರಂತೆ.

ನಿಮ್ಮಲ್ಲಿ ಒಂದು ಕೇಳಬೇಕು. ನಿಮ್ಮ ಫೋನಿಗೆ ಬರುವ ನಂಬರುಗಳನ್ನು ಅವರು ನಿಮ್ಮಿಂದ ಓದಿಸಿಕೊಳ್ಳುತ್ತಾರೆಯೇ? ನಿಮ್ಮ ಆಧಾರ್, ಪ್ಯಾನ್ ಅವರ ಬಳಿ ಇವೆಯೇ? ನಾನು ಮನೆ ಬಿಟ್ಟ ಮೇಲೆ ಅವರಿಗೆ ಇನ್ನೊಂದು ಹೆಸರು ಬೇಕಾಗಿರುತ್ತದೆ ಎಂದು ಸತೀಶ್ ಕುಮಾರ್ ಹೇಳಿದರು. ಆ ಮಾತು ಕೇಳಿದಾಗಿನಿಂದ ನನಗೆ ನಿಮ್ಮದೇ ಯೋಚನೆ.

ಅತ್ತೆ, ನಾವು ಜಗಳೂರಿನಲ್ಲಿದ್ದೇವೆ. ಮೊಮ್ಮಗಳು ಎಲ್ಲಿದ್ದಾಳೆಂದು ಅಜ್ಜಿಗೂ ತಿಳಿಯದಿದ್ದರೆ ಹೇಗೆ ಎನ್ನಿಸಿ ಬರೆದುಬಿಟ್ಟೆ. ಇಲ್ಲಿನ ಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತೇನೆ. ರಕ್ಷಾಗೆ ಹಲ್ಲು ಬಂದಿದೆ, ಒಂದು ಸ್ವಲ್ಪ ಸೊಟ್ಟ. ಅವಳಿಗೆ ಕೆರೆ ಎಂದರೆ ಸೂಳೆಕೆರೆಯಷ್ಟೇ ದೊಡ್ಡದಿರಬೇಕು. ಇಲ್ಲಿನ ಕೆರೆ ತೋರಿಸಿದರೆ ನಕ್ಕಳು. ಇದನ್ನು ಓದಿ ಹರಿದುಹಾಕಿ.

ನಿಮ್ಮ,
ಲೀಲಾ


ಹೊನ್ನಾಳಿ
15 ಜುಲೈ 2024

ಲೀಲಾ,

ನೀನು ಕೇಳಿದ್ದು ನಿಜ. ತಿಂಗಳಿಗೊಮ್ಮೆಯಾದರೂ ಅಂಗಡಿಯಿಂದ ಫೋನು ಮಾಡಿ, "ಅಮ್ಮ, ಒಂದು ಮೆಸೇಜ್ ಬಂದೈತೆ, ನಂಬರ್ ಓದು" ಎನ್ನುತ್ತಾನೆ. ಕನ್ನಡಕ ಹುಡುಕಿ ಓದಿ ಹೇಳುತ್ತೇನೆ. ಮಗನಿಗೆ ಉಪಯೋಗಕ್ಕೆ ಬಂದೆನಲ್ಲ ಎಂದು ಸಂತೋಷವೂ ಆಗುತ್ತಿತ್ತು. ಹೋದ ಯುಗಾದಿಗೆ ಕಾಗದಗಳಿಗೆ ಸಹಿ ಹಾಕಿಸಿಕೊಂಡ. ಯಾವುದಕ್ಕೆ ಎಂದು ಕೇಳಿದೆ. "ನಿನ್ ಪೆನ್ಶನ್‌ದು" ಎಂದ. ನನಗೆ ಯಾವ ಪೆನ್ಶನ್ನೂ ಬರುವುದಿಲ್ಲ.

ಕಸ್ತೂರಿ, "ನೀನು ಕಣ್ಣಾರೆ ಕಂಡಿದ್ದನ್ನ ಹೇಳಿದ್ರೆ ಆ ಹುಡುಗಿ ಉಳಿತಾಳೆ" ಎನ್ನುತ್ತಾಳೆ. ಯಾರ ಮುಂದೆ ಹೇಳಲಿ? ಹೆತ್ತವಳೇ ಮಗನ ಮೇಲೆ ಹೇಳುವುದೇ? ಅವನನ್ನು ಒಳಗೆ ಹಾಕಿದರೆ? ಹಾಕದೆ ಬಿಟ್ಟರೆ? ಎರಡೂ ಭಯವೇ.

ನಿನ್ನ ಕಾಗದ ಹರಿಯಲು ಮನಸ್ಸು ಬರಲಿಲ್ಲ. ರಕ್ಷಾಳ ಹಲ್ಲಿನ ವಿಷಯ ಇತ್ತಲ್ಲ, ತಲೆದಿಂಬಿನ ಕೆಳಗೆ ಇಟ್ಟಿದ್ದೇನೆ.

ಹೊರಗೆ ಕಾರು ನಿಂತಿತು. ಅವನದೇ ಹಾರನ್ನು. ಬರುತ್ತೇನೆಂದು ಹೇಳಿರಲಿಲ್ಲ. ಕಸ್ತೂರಿ ಹಿತ್ತಲ ಬಾಗಿಲಿಂದ ಹೋಗಿ ಇದನ್ನು ಅಂಚೆಗೆ ಹಾಕುತ್ತಾಳೆ.

ಪ್ರೇ


ಚನ್ನಗಿರಿ
29 ಜುಲೈ 2024

ಪ್ರೀತಿಯ ಸೊಸೆ ಶಿವಲೀಲಾಳಿಗೆ ನಿನ್ನ ಅತ್ತೆ ಪ್ರೇಮಮ್ಮ ಮಾಡುವ ಆಶೀರ್ವಾದಗಳು.

ನಾನು ಕ್ಷೇಮವಾಗಿ ಚನ್ನಗಿರಿಗೆ ಬಂದಿದ್ದೇನೆ. ಪ್ರವೀಣ ತುಂಬಾ ಬದಲಾಗಿದ್ದಾನೆ. ನೀನು ಕೇಳಿದ ಎಲ್ಲ ರಿಟರ್ನ್ಸ್ ಪ್ರತಿಗಳು ಸಿಕ್ಕಿವೆ. ಅಂಚೆಯಲ್ಲಿ ಕಳಿಸಿದರೆ ಕಳೆದುಹೋಗಬಹುದು. ಬರುವ ಭಾನುವಾರ ನೀನೊಬ್ಬಳೇ ಬಂದು ತೆಗೆದುಕೊಂಡು ಹೋಗು. ವಕೀಲರು ಬೇಡ, ಮನೆಯ ವಿಷಯ ಮನೆಯಲ್ಲೇ ಮುಗಿಯಲಿ.

ಜಗಳೂರಿನಿಂದ ಬಸ್ಸಿನಲ್ಲಿ ಕಷ್ಟವಾಗುತ್ತದೆ. ಕಾರು ಕಳಿಸುತ್ತೇವೆ. ನಿನ್ನ ಮನೆ ಯಾವ ಬೀದಿಯಲ್ಲಿದೆ, ರಕ್ಷಾ ಯಾವ ಶಾಲೆಗೆ ಹೋಗುತ್ತಾಳೆ ಎಂಬುದನ್ನು ಮರೆಯದೆ ತಿಳಿಸು.

ಇಂತಿ ನಿನ್ನ ಪ್ರೀತಿಯ ಅತ್ತೆ,
ಪ್ರೇಮಮ್ಮ


ಜಗಳೂರು
7 ಆಗಸ್ಟ್ 2024

ಚಿಕ್ಕತ್ತೆ ಕಸ್ತೂರಮ್ಮನವರಿಗೆ,

ಶರಣಾರ್ಥಿ. ನಿಮ್ಮನ್ನು ಬಿಟ್ಟರೆ ಯಾರಿಗೆ ಬರೆಯಬೇಕೆಂದು ತಿಳಿಯಲಿಲ್ಲ.

ಚನ್ನಗಿರಿಯಿಂದ ಅತ್ತೆಯ ಹೆಸರಿನಲ್ಲಿ ಕಾಗದ ಬಂದಿದೆ. ಅಕ್ಷರ ಅವರದೇ, ಮಾತು ಒಂದೂ ಅವರದಲ್ಲ. ಎಲ್ಲ ಸುಟ್ಟುಹೋಯಿತು ಎಂದು ಬರೆದವರು ಈಗ ಎಲ್ಲ ಸಿಕ್ಕಿದೆ ಎನ್ನುತ್ತಾರೆ. ಜೀವಮಾನದಲ್ಲಿ ನನ್ನನ್ನು 'ಪ್ರೀತಿಯ ಸೊಸೆ' ಎಂದವರಲ್ಲ, 'ಲೀಲಾ' ಎನ್ನುವುದೇ ಅವರ ಪ್ರೀತಿ. ಪಕ್ಕದಲ್ಲಿ ಕೂತು ಪ್ರವೀಣ್ ಬರೆಸಿದ್ದಾರೆ. ಹಾಗಾದರೆ ತಲೆದಿಂಬಿನ ಕೆಳಗಿದ್ದ ನನ್ನ ಕಾಗದ ಅವರ ಕೈಸೇರಿದೆ. ನಾನೇ ಊರಿನ ಹೆಸರು ಬರೆದು ಕೊಟ್ಟಂತಾಯಿತು.

ಭಾನುವಾರ ನಾನು ಹೋಗಲಿಲ್ಲ. ಸೋಮವಾರವೇ ನಮ್ಮ ಬೀದಿಗೆ ಬಿಳಿ ಕಾರು ಬಂತು. ನಾನು ಒಳಗೆ ಮೆಕ್ಕೆಜೋಳದ ಚೀಲಗಳ ಹಿಂದೆ ರಕ್ಷಾಳ ಬಾಯಿಗೆ ಕೈ ಅಡ್ಡ ಹಿಡಿದು ಕೂತಿದ್ದೆ. ಮನೆಯೊಡತಿ ಗಾದ್ರಮ್ಮ ಜಗುಲಿಯಲ್ಲಿ ಈರುಳ್ಳಿ ಹರಡುತ್ತಿದ್ದರು.

"ಇಲ್ಲೊಬ್ರು ಮೇಡಂ ಅದಾರಂತಲ್ಲ, ಒಂದು ಹೆಣ್ಣು ಮಗು ಕರ್ಕಂಡು?" ಅದು ಪ್ರವೀಣರದೇ ದನಿ, ಬಹಳ ಮೆದು.

"ಯಾವ ಮೇಡಮ್ಮೋ ಯಪ್ಪಾ. ನಮ್ಮನ್ಯಾಗೆ ಈರುಳ್ಳಿ ಐತೆ. ಬೇಕಾದ್ರೆ ಹೇಳು, ತೂಗಿಸ್ತೀನಿ."

"ಯಾರೂ ಇಲ್ವಾ ಒಳಗೆ?"

"ನಮ್ಮ ಯಜಮಾನ್ರು ಮಲಗ್ಯಾರೆ. ಎಬ್ಬಿಸ್ಲಾ? ಎದ್ರೆ ಸಿಟ್ಟು ಜಾಸ್ತಿ."

ಗಾದ್ರಮ್ಮನ ಯಜಮಾನರು ತೀರಿಹೋಗಿ ಬಹಳ ಕಾಲವಾಗಿದೆ. ಕಾರು ಹೋಯಿತು. ರಕ್ಷಾ ನನ್ನನ್ನು, "ಅಪ್ಪಾಜಿ ಬಂದಿದ್ರಾ?" ಎಂದು ಕೇಳಿದಳು. ಇಲ್ಲವೆಂದೆ. ದನಿ ಅವಳಿಗೆ ಗೊತ್ತಾಗಿತ್ತು. ಅವಳನ್ನು ನೋಡಬೇಕಾದರೆ ಕೋರ್ಟಿನ ಆವರಣಕ್ಕೆ ಬನ್ನಿ ಎಂದು ಪ್ರವೀಣರಿಗೆ ಆದೇಶವಿತ್ತು. ಒಮ್ಮೆಯೂ ಬಂದವರಲ್ಲ.

ಪೊಲೀಸರಿಗೆ ಅರ್ಜಿ ಬರೆದುಕೊಟ್ಟಿದ್ದೇನೆ. ಸ್ವಲ್ಪ ದಿನ ರಜೆ ಹಾಕಿ ರಕ್ಷಾಳ ಜೊತೆ ಹತ್ತಿರದ ಸೊಕ್ಕೆ ಹಳ್ಳಿಯಲ್ಲಿ ಗಾದ್ರಮ್ಮನ ತಂಗಿಯ ಮನೆಯಲ್ಲಿರುತ್ತೇನೆ. ನೀವು ಚನ್ನಗಿರಿಗೆ ಹೋಗಿ ಅತ್ತೆ ಹೇಗಿದ್ದಾರೆಂದು ಒಮ್ಮೆ ನೋಡಿ ಬರುತ್ತೀರಾ? ಅದೊಂದು ತಿಳಿದರೆ ಸಾಕು.

ನಿಮ್ಮ,
ಶಿವಲೀಲಾ


ಹೊನ್ನಾಳಿ
14 ಆಗಸ್ಟ್ 2024

ಶಿವಲೀಲಾ,

ಹೋಗಿ ಬಂದೆ. ಅಕ್ಕ ಜೀವವಾಗಿದ್ದಾಳೆ, ಮೈಮೇಲೆ ಗಾಯವಿಲ್ಲ. ಅಷ್ಟನ್ನು ಮೊದಲು ಹೇಳಿಬಿಡುತ್ತೇನೆ.

ಆ ದಿನ ಪ್ರವೀಣ ನಮ್ಮ ಮನೆಗೆ ಬಂದವನು ಕಾಫಿ ಕುಡಿದ, ಅಕ್ಕನ ಕಾಲಿಗೆ ತಾನೇ ಎಣ್ಣೆ ಹಚ್ಚಿದ. ಆಮೇಲೆ, "ದಿಂಬು ಸರಿ ಮಾಡ್ತೀನಿ ಎದ್ದೇಳಮ್ಮ" ಎಂದು ಕಾಗದ ತೆಗೆದ. ಓದಿ ಮಡಚಿ ಜೇಬಿಗಿಟ್ಟುಕೊಂಡು, "ಬಟ್ಟೆ ತಗಾ, ಹೋಗಣ" ಎಂದ. ನಾನು ಅಡ್ಡ ನಿಂತೆ. ನನ್ನ ಭುಜದ ಮೇಲೆ ಕೈಯಿಟ್ಟು ಮೆಲ್ಲಗೆ ಪಕ್ಕಕ್ಕೆ ಸರಿಸಿದ. ನನಗೆ ಅವನು ಎತ್ತಿ ಆಡಿಸಿದ ಮಗು. ಆದರೂ ಆ ಕೈ ಭುಜದ ಮೇಲಿದ್ದಷ್ಟು ಹೊತ್ತು ನನಗೆ ಉಸಿರೇ ಬರಲಿಲ್ಲ.

ಚನ್ನಗಿರಿಯಲ್ಲಿ ಔಷಧಿ ಕೊಡುವ ನೆಪದಲ್ಲಿ ಒಳಗೆ ಹೋದೆ. ಅವನು ಹಜಾರದಲ್ಲೇ ಕೂತಿದ್ದ. ಅಕ್ಕನ ಫೋನು ಈಗ ಅವನ ಬಳಿಯೇ ಇರುತ್ತದೆ. ಅಡುಗೆಮನೆಯಲ್ಲಿ ಮಿಕ್ಸಿ ಹಾಕಿ ಆ ಸದ್ದಿನಲ್ಲಿ ಅಕ್ಕ ಹೇಳಿದಳು, "ಅವನು ಹೇಳಿದಂಗೆ ಬರೆದೆ ಕಸ್ತೂರಿ. ಲೀಲಾ ನಂಬಿ ಬಂದುಬಿಟ್ಳಾ?" ಬರಲಿಲ್ಲ ಎಂದೆ. ಅಲ್ಲೇ ಗೋಡೆಗೆ ಒರಗಿ ಕೂತುಬಿಟ್ಟಳು.

ನ್ಯಾಮತಿಯಲ್ಲಿರುವ ನಮ್ಮಣ್ಣ ಮರುಳಪ್ಪನಿಗೆ ಎಲ್ಲ ಹೇಳಿದ್ದೇನೆ. ಅವನ ಮಾತಿಗೆ ಪ್ರವೀಣ ಇನ್ನೂ ಸ್ವಲ್ಪ ಬೆಲೆ ಕೊಡುತ್ತಾನೆ. ಅಕ್ಕನನ್ನು ಹೇಗಾದರೂ ಹೊರಗೆ ತರಬೇಕು. ನೀನು ಹುಷಾರು.

ಕಸ್ತೂರಮ್ಮ


ಜಗಳೂರು
23 ಸೆಪ್ಟೆಂಬರ್ 2024

ಚಿಕ್ಕತ್ತೆಯವರಿಗೆ,

ಕೊನೆಗೂ ನನ್ನ ರಿಟರ್ನ್ಸ್ ಸಿಕ್ಕಿದವು. ಪಾಸ್‌ವರ್ಡ್ ಬದಲಿಸಲು ಆಧಾರಿನ ಮೂಲಕ ಇನ್ನೊಂದು ದಾರಿ ಇತ್ತು. ಆದರೆ ಆಧಾರಿಗೂ ಅವರದೇ ನಂಬರು ಜೋಡಿಸಿದ್ದರು. ಅಂಚೆ ಕಚೇರಿಯಲ್ಲಿ ಬೆರಳಚ್ಚು ಕೊಟ್ಟು ನನ್ನ ನಂಬರು ಹಾಕಿಸಿದೆ. ಅದು ಬದಲಾಗುವವರೆಗೆ ಕಾದು, ಸತೀಶ್ ಕುಮಾರ್ ಅವರ ಆಫೀಸಿನಲ್ಲಿ ಕೂತು ತೆರೆದೆವು. ಓಟಿಪಿ ಮೊದಲ ಸಲ ನನ್ನ ಫೋನಿಗೆ ಬಂತು. ಆದರೂ ಬೀದಿಯಲ್ಲಿ ಯಾವುದೋ ಗಾಡಿ ನಿಂತರೆ ಎದ್ದು ಕಿಟಕಿಗೆ ಹೋಗುತ್ತಿದ್ದೆ.

ಒಂದೊಂದೇ ವರ್ಷ ತೆರೆದು ನೋಡಿದೆ. ರಕ್ಷಾ ಹುಟ್ಟಿದ ವರ್ಷ ನಾನು ಅಡಿಕೆ ವ್ಯಾಪಾರಿ. ಬಾಣಂತನಕ್ಕೆಂದು ಉಬ್ರಾಣಿಯಲ್ಲಿ ಮಲಗಿದ್ದ ತಿಂಗಳುಗಳಲ್ಲಿ ನಾನು ಮಾಲು ಕೊಂಡಿದ್ದೇನೆ, ಮಾರಿದ್ದೇನೆ. ಮನೆ ಬಿಟ್ಟ ಮೇಲೂ ವ್ಯಾಪಾರ ನಿಂತಿಲ್ಲ. ವಿಚ್ಛೇದನವಾದ ವರ್ಷದ್ದೂ ಇದೆ. ಕೋರ್ಟಿನಲ್ಲಿ ನನ್ನ ಎದುರಿಗೆ ನಿಂತು ಇವಳ ಜೊತೆ ಯಾವ ಸಂಬಂಧವೂ ಬೇಡ ಎಂದವರು, ಸಂಜೆ ಅಂಗಡಿಯಲ್ಲಿ ಕೂತು ನನ್ನ ಹೆಸರಿನಲ್ಲಿ ಲೆಕ್ಕ ಬರೆದಿದ್ದಾರೆ. ನಾನಲ್ಲದ ನಾನೊಬ್ಬಳು ಆ ಊರಿನಲ್ಲಿ ಇನ್ನೂ ಸಂಸಾರ ಮಾಡಿಕೊಂಡಿದ್ದಾಳೆ ಎನ್ನಿಸಿತು.

ಇದೆಲ್ಲ ನಾನು ಮಾಡಿದ್ದಲ್ಲ ಎಂದು ಇಲಾಖೆಗೆ ಬರೆದುಕೊಟ್ಟಿದ್ದೇವೆ. ಬಾಯಿಮಾತಿಗೆ ನಂಬುವುದಿಲ್ಲ, ಸಾಕ್ಷಿ ಬೇಕು ಎನ್ನುತ್ತಾರೆ. ಅಕ್ಟೋಬರ್ ಹದಿನೇಳಕ್ಕೆ ದಾವಣಗೆರೆಯ ತೆರಿಗೆ ಕಚೇರಿಗೆ ನನ್ನನ್ನೂ ಪ್ರವೀಣರನ್ನೂ ಕರೆಸಿದ್ದಾರೆ.

ಅತ್ತೆಗೆ ಇದನ್ನು ತಿಳಿಸಬೇಡಿ. ಅವರು ಬರುವುದು ಬೇಡ. ಹೇಳಿಕೆ ಕೊಟ್ಟ ಮೇಲೆ ಅವರು ಮರಳಿ ಹೋಗಬೇಕಾಗಿರುವುದು ಅದೇ ಮನೆಗೆ.

ನಿಮ್ಮ,
ಶಿವಲೀಲಾ


ಜಗಳೂರು
18 ಅಕ್ಟೋಬರ್ 2024

ಚಿಕ್ಕತ್ತೆಯವರಿಗೆ,

ನೀವು ನನ್ನ ಮಾತು ಮೀರಿ ಅತ್ತೆಗೆ ತಿಳಿಸಿದಿರಿ. ನಿಮ್ಮ ಮೇಲೆ ಸಿಟ್ಟಾಗಲು ನನ್ನಿಂದ ಆಗುತ್ತಿಲ್ಲ.

ನಿನ್ನೆ ಕಚೇರಿಯ ಮಹಡಿ ಹತ್ತಿದಾಗ ಪ್ರವೀಣ್ ಹೊರಗಿನ ಬೆಂಚಿನ ಮೇಲೆ ಮೊದಲೇ ಕೂತಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹಣೆಯಲ್ಲಿ ವಿಭೂತಿ. ನನ್ನನ್ನು ನೋಡಿ ನಕ್ಕರು. "ಆರಾಮಿದೀಯಾ? ಸೊಕ್ಕೆ ಹೆಂಗೈತೆ?" ಎಂದರು. ಸೊಕ್ಕೆಯೂ ಅವರಿಗೆ ಗೊತ್ತಿತ್ತು. ಸತೀಶ್ ಕುಮಾರ್ ನನ್ನ ತೋಳು ಹಿಡಿದು ಒಳಗೆ ಕರೆದೊಯ್ದರು.

ಅಧಿಕಾರಿ ಹೆಂಗಸು, ಪ್ರಶ್ನೆ ನೇರವಾಗಿ ಕೇಳುತ್ತಿದ್ದರು. ಅಂಗಡಿ ಎಲ್ಲಿದೆ, ಮಾಲು ಯಾರಿಂದ ಕೊಳ್ಳುತ್ತಿದ್ದಿರಿ, ಚೆಕ್ಕಿಗೆ ಸಹಿ ಯಾರದು. ಹೇಳಿದ್ದನ್ನೇ ಮತ್ತೆ ಹೇಳುತ್ತಿದ್ದೆ. ಅವರಿಗೆ ನನ್ನ ಮೇಲೆ ನಂಬಿಕೆ ಬರುತ್ತಿಲ್ಲವೆಂದು ಮುಖದಲ್ಲೇ ಕಾಣುತ್ತಿತ್ತು.

ಆಗ ಹೊರಗಿನಿಂದ ಪ್ರವೀಣರ ದನಿ ಕೇಳಿಸಿತು. "ಅಮ್ಮ, ಕಣ್ಣಾಸ್ಪತ್ರೆ ಇದೇನಾ?"

ಬಾಗಿಲಲ್ಲಿ ಅತ್ತೆ ನಿಂತಿದ್ದರು, ಹಿಂದೆ ನಿಮ್ಮ ಮರುಳಪ್ಪಣ್ಣ. ಕಣ್ಣು ತೋರಿಸುವ ನೆಪ ಹೇಳಿ ಕರೆತಂದಿದ್ದರಂತೆ. ಅತ್ತೆ ಮಗನಿಗೆ ಉತ್ತರ ಕೊಡದೆ ಒಳಗೆ ಬಂದು, ಕೇಳದೆಯೇ ಕುರ್ಚಿಯಲ್ಲಿ ಕೂತರು. ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಬಿಗಿಹಿಡಿದಿದ್ದರು.

"ನನ್ನ ಸೊಸೆ ಅಂಗಡಿ ಮೆಟ್ಲು ಹತ್ತಿದಾಕೆ ಅಲ್ಲ, ಮೇಡಂ. ಊಟಕ್ಕೆ ಕುಂತಾಗ ಸೈನ್ ಹಾಕಿಸ್ಕಂಡ. ನಾನೇ ಬಡಿಸ್ತಿದ್ದೆ. ವ್ಯಾಪಾರ ಎಲ್ಲ ನನ್ನ ಮಗಂದು. ಈಗ ನನ್ನ ಹೆಸರಲ್ಲಿ ಏನಾದ್ರೂ ನಡೀತಿದ್ರೆ ಅದೂ ಅವಂದೇ."

"ಯಾರದಾದ್ರೂ ಒತ್ತಡಕ್ಕೆ ಹೀಗೆ ಹೇಳ್ತಿದೀರಾ, ಅಮ್ಮ?"

"ಒತ್ತಡ ಹೊರಗೆ ಬೆಂಚಿನ ಮೇಲೆ ಕುಂತೈತೆ. ಅದಕ್ಕೆ ಹೆದರಿನೇ ಇಷ್ಟು ವರ್ಷ ಹೇಳ್ಲಿಲ್ಲ."

ಟೈಪು ಮಾಡುತ್ತಿದ್ದವರ ಕೈ ನಿಂತಿತು. ಅಧಿಕಾರಿ ಅತ್ತೆಗೆ ನೀರು ತರಿಸಿದರು. ಅತ್ತೆ ಕುಡಿದು ಲೋಟ ಕೆಳಗಿಟ್ಟರು. ಹೇಳಿಕೆಯನ್ನು ಪೂರ್ತಿ ಓದಿಸಿಕೊಂಡು ಕೇಳಿಯೇ ಸಹಿ ಹಾಕಿದರು.

ಹೊರಗೆ ಬಂದಾಗ ಪ್ರವೀಣ್ ಎದ್ದು ನಿಂತರು. ಅತ್ತೆಯನ್ನು ನೋಡುತ್ತಲೇ ಇದ್ದರು. ಮೆಟ್ಟಿಲಿಳಿಯುವಾಗ ಅತ್ತೆ ನನ್ನ ಕೈ ಹಿಡಿದಿದ್ದರು. ಉಗುರು ಊರಿದ ಗುರುತು ಇನ್ನೂ ಇದೆ. ಅವರು ಚನ್ನಗಿರಿಗೆ ಹೋಗದೆ ನೇರ ನ್ಯಾಮತಿಗೆ ಹೋದರು, ಉಟ್ಟ ಸೀರೆಯಲ್ಲೇ.

ನಿಮ್ಮ,
ಶಿವಲೀಲಾ


ನ್ಯಾಮತಿ
20 ಮಾರ್ಚ್ 2025

ಲೀಲಾ,

ನಿನ್ನ ಮೇಲಿನ ಕೇಸು ಬಿಟ್ಟರೆಂದು ಸತೀಶ್ ಕುಮಾರ್ ಅವರು ಫೋನು ಮಾಡಿ ಹೇಳಿದರು. ಆ ವ್ಯಾಪಾರ ನಿನ್ನದಲ್ಲವೆಂದು ಒಪ್ಪಿಕೊಂಡಿದ್ದಾರಂತೆ, ಪ್ರವೀಣನಿಗೆ ಬೇರೆ ನೋಟೀಸು ಹೋಗಿದೆಯಂತೆ. ನನ್ನ ಹೆಸರಿನಲ್ಲಿದ್ದದ್ದನ್ನೂ ಅವರೇ ತೆರೆದು ತೋರಿಸಿದರು. ಹೋದ ವರ್ಷದಿಂದ ನಾನೂ ಅಡಿಕೆ ವ್ಯಾಪಾರಿಯೇ ಆಗಿದ್ದೆ. ಅದಕ್ಕೂ ಬರೆದುಕೊಟ್ಟಾಯಿತು.

ಅಣ್ಣನ ಮನೆಯ ಪಕ್ಕ ಒಂದು ಕೋಣೆ ಮಾಡಿಕೊಂಡಿದ್ದೇನೆ. ನಿನಗೆ ಇದನ್ನು ಬರೆಯಬೇಕೋ ಬೇಡವೋ ಎಂದು ಯೋಚಿಸಿ ಬರೆಯುತ್ತಿದ್ದೇನೆ. ಮೊನ್ನೆ ಮಧ್ಯಾಹ್ನ ಅವನು ಬಂದಿದ್ದ. ಅಣ್ಣ ಸಂತೆಗೆ ಹೋಗಿದ್ದ. ನಾನೊಬ್ಬಳೇ.

ಹೊಸ್ತಿಲ ಹೊರಗೆ ನಿಂತು, "ಅಮ್ಮ, ಊಟ ಐತಾ?" ಎಂದ. ಸೊರಗಿದ್ದಾನೆ. ಅನ್ನ, ಸಾರು ಬಡಿಸಿದೆ. ತಲೆ ತಗ್ಗಿಸಿಕೊಂಡು ಉಂಡ. ಚಿಕ್ಕವನಿದ್ದಾಗ ಉಣ್ಣುತ್ತಿದ್ದಂತೆಯೇ ಮೊದಲು ಸಾರಿನ ಕಾಳನ್ನೆಲ್ಲ ಆರಿಸಿ ತಿಂದ. ನೋಡುತ್ತಾ ನಿಂತ ನನಗೆ ಇವನಿಗಾ ನಾನು ಹೆದರುವುದು ಎನ್ನಿಸಿಬಿಟ್ಟಿತು.

ಕೈ ತೊಳೆದು, ಒರೆಸಿಕೊಂಡು, "ಹೊರಡಮ್ಮ. ಕಾರಲ್ಲಿ ಕೂರು, ಮನೆಗೆ ಹೋಗಣ" ಎಂದ. ಹೊನ್ನಾಳಿಯಲ್ಲಿ ಹೇಳಿದ ಅದೇ ದನಿ. ನನ್ನ ಕಾಲು ತಾನಾಗಿಯೇ ಚಪ್ಪಲಿ ಹುಡುಕಿತು, ಲೀಲಾ. ಸುಳ್ಳು ಹೇಳುವುದಿಲ್ಲ, ಒಂದು ಕಾಲಿಗೆ ಹಾಕಿಯೂಬಿಟ್ಟಿದ್ದೆ.

ಆಮೇಲೆ ಅದನ್ನು ಬಿಚ್ಚಿದೆ. "ಉಂಡಾಯ್ತಲ್ಲ, ಹೋಗಿ ಬಾ" ಎಂದೆ.

ಅವನು ಹೋಗಲಿಲ್ಲ. ನಾನೂ ಅಲುಗಾಡಲಿಲ್ಲ. ಅವನು ಒಂದು ಹೆಜ್ಜೆ ಮುಂದೆ ಇಟ್ಟಿದ್ದರೆ ನಾನು ಹೊರಟುಬಿಡುತ್ತಿದ್ದೆನೋ ಏನೋ, ನನಗೆ ಗೊತ್ತಿಲ್ಲ. ಕೊನೆಗೆ ಅವನೇ ತಿರುಗಿ ನಡೆದ. ಕಾರು ಶಿವಮೊಗ್ಗ ರಸ್ತೆಗೆ ಹೊರಳುವ ತನಕ ನೋಡಿದೆ. ಒಳಗೆ ಬಂದು ಚಿಲಕ ಹಾಕಿದೆ. ಹೆತ್ತ ಮಗನ ಬೆನ್ನಿಗೆ ಚಿಲಕ ಹಾಕಿದ ಸದ್ದು ಇಷ್ಟು ದೊಡ್ಡದಾಗಿ ಕೇಳುತ್ತದೆಂದು ತಿಳಿದಿರಲಿಲ್ಲ. ಅವನಿಗೂ ಕೇಳಿಸಿತೇನೋ ಎಂದು ಬಾಗಿಲಿಗೆ ಒರಗಿ ಅತ್ತುಬಿಟ್ಟೆ.

ಅವನು ಉಂಡ ತಟ್ಟೆ ಇನ್ನೂ ತೊಳೆದಿಲ್ಲ. ಈಗ ಎದ್ದು ತೊಳೆಯುತ್ತೇನೆ.

ನಿನ್ನ ಅತ್ತೆ,
ಪ್ರೇಮಮ್ಮ